ಕ್ರಮವಿದೆ, ಅಳತೆಯಿಲ್ಲ: ಅಭಿಪ್ರಾಯದ ಅಂಕಗಳನ್ನು ಹೋಲಿಸುವ ಬಗೆ



ಸಂಖ್ಯಾಶಾಸ್ತ್ರದ ಉಪನ್ಯಾಸ ಎಂದರೆ ಸಭಾಂಗಣದ ಹಿಂದಿನ ಸಾಲುಗಳೇ ಮೊದಲು ತುಂಬುತ್ತವೆ. ಹಿಂದೆ ಕೂತವರು ಧೈರ್ಯವಾಗಿರಿ, ಇಂದು ನಾನು ಒಂದೇ ಒಂದು ಸೂತ್ರವನ್ನೂ ಹೇಳುವುದಿಲ್ಲ. ಎಣಿಸಲು, ಕೂಡಲು, ಯಾವುದು ದೊಡ್ಡದು ಯಾವುದು ಚಿಕ್ಕದು ಎಂದು ಹೇಳಲು ಬಂದರೆ ಸಾಕು.

ಈಗ ಯಾರೂ ನಮ್ಮ ಅಭಿಪ್ರಾಯ ಕೇಳದೆ ಬಿಡುವುದಿಲ್ಲ. ಬ್ಯಾಂಕಿನವರು ಕೇಳುತ್ತಾರೆ, ಆಸ್ಪತ್ರೆಯವರು ಕೇಳುತ್ತಾರೆ, ಊಟ ತಂದುಕೊಟ್ಟ ಹುಡುಗನ ಕಂಪನಿಯವರೂ ಕೇಳುತ್ತಾರೆ. ಒಂದರಿಂದ ಐದರವರೆಗೆ ಅಂಕ ಕೊಡಿ ಎನ್ನುತ್ತಾರೆ. ಕೊಟ್ಟ ಅಂಕಗಳನ್ನೆಲ್ಲ ಕೂಡಿ, ಭಾಗಿಸಿ, ‘ಈ ವಿಭಾಗದ ಸರಾಸರಿ 3.9, ಆ ವಿಭಾಗದ್ದು 3.7, ಆದ್ದರಿಂದ ಈ ವಿಭಾಗವೇ ಮೇಲು’ ಎಂದು ವರದಿ ಬರೆಯುತ್ತಾರೆ. ಆ ‘ಆದ್ದರಿಂದ’ಕ್ಕೆ ಆಧಾರವಿದೆಯೇ ಎಂಬುದೇ ಇಂದಿನ ಪ್ರಶ್ನೆ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಅಭಿಪ್ರಾಯದ ಅಂಕೆಯಲ್ಲಿ ಕ್ರಮವಿದೆ, ಅಳತೆಯಿಲ್ಲ. ಕ್ರಮವನ್ನಷ್ಟೇ ನಂಬಿ ಗುಂಪುಗಳನ್ನು ಹೋಲಿಸುವ ವಿಧಾನಗಳಿವೆ. ಅವನ್ನು ಬಳಸೋಣ. ಆದರೆ ಅವು ಏನು ಹೇಳುವುದಿಲ್ಲ ಎಂಬುದನ್ನೂ ತಿಳಿದು ಬಳಸೋಣ.

1. ಅಂಕೆ ಬಂದ ದಾರಿ

ಐದು ಮೆಟ್ಟಿಲಿನ ಈ ಪ್ರಶ್ನಾವಳಿಗೆ ಅಮೆರಿಕದ ರೆನ್ಸಿಸ್ ಲಿಕರ್ಟ್ ಅವರ ಹೆಸರು ಅಂಟಿಕೊಂಡಿದೆ. 1932ರಲ್ಲಿ ಅವರು ಮನೋಭಾವಗಳನ್ನು ಅಳೆಯುವ ತಂತ್ರವೊಂದನ್ನು ಪ್ರಕಟಿಸಿದರು. ಜನಾಂಗ ಸಂಬಂಧ, ಅಂತರರಾಷ್ಟ್ರೀಯತೆ ಮುಂತಾದ ವಿಷಯಗಳ ಹೇಳಿಕೆಗಳನ್ನು ವಿದ್ಯಾರ್ಥಿಗಳ ಮುಂದಿಟ್ಟು, ‘ಪೂರ್ಣವಾಗಿ ಒಪ್ಪುತ್ತೇನೆ’ ಎಂಬಲ್ಲಿಂದ ‘ಖಂಡಿತ ಒಪ್ಪುವುದಿಲ್ಲ’ ಎಂಬವರೆಗೆ ಐದು ಉತ್ತರಗಳಲ್ಲಿ ಒಂದನ್ನು ಆರಿಸಲು ಹೇಳಿದರು. ಉತ್ತರಗಳಿಗೆ 1, 2, 3, 4, 5 ಎಂದು ಸುಮ್ಮನೆ ಅಂಕೆ ಕೊಟ್ಟರೂ, ಹೆಚ್ಚು ಶ್ರಮದ ಲೆಕ್ಕದಿಂದ ಪಡೆದ ಅಂಕಗಳಿಗೆ ಅವು ಬಹುಮಟ್ಟಿಗೆ ಹೊಂದುತ್ತವೆ ಎಂದು ತೋರಿಸಿದರು. ಕೆಲಸ ಹಗುರವಾಯಿತು, ಜಗತ್ತು ಅದನ್ನು ಅಪ್ಪಿಕೊಂಡಿತು.

ಇಲ್ಲೊಂದು ಮಾತು ಮರೆಯುವಂತಿಲ್ಲ. ಲಿಕರ್ಟ್ ಒಂದು ಪ್ರಶ್ನೆಯ ಉತ್ತರವನ್ನು ನೆಚ್ಚಿಕೊಂಡವರಲ್ಲ. ಒಂದೇ ಮನೋಭಾವದ ಸುತ್ತ ಹಲವು ಹೇಳಿಕೆಗಳನ್ನಿಟ್ಟು, ಅವುಗಳ ಒಟ್ಟು ಮೊತ್ತವನ್ನು ಅಳತೆಯೆಂದು ತೆಗೆದುಕೊಂಡರು. ನಾವು ಅವರ ಐದು ಮೆಟ್ಟಿಲನ್ನು ಉಳಿಸಿಕೊಂಡು ಮೊತ್ತವನ್ನು ಬಿಟ್ಟೆವು. ಒಂದೇ ಪ್ರಶ್ನೆಗೆ ಬಂದ ಅಂಕವನ್ನು ತೂಕದ ಕಿಲೋ, ಉದ್ದದ ಮೀಟರಿನಂತೆ ಕೂಡಿ ಕಳೆಯತೊಡಗಿದೆವು.

1946ರಲ್ಲಿ ಎಸ್. ಎಸ್. ಸ್ಟೀವನ್ಸ್ ‘ಸೈನ್ಸ್’ ಪತ್ರಿಕೆಯಲ್ಲಿ ಅಳತೆಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಮೊದಲನೆಯದು ಬರಿಯ ಹೆಸರು, ಬಸ್ಸಿನ ಮಾರ್ಗಸಂಖ್ಯೆಯಂತೆ. ಎರಡನೆಯದು ಕ್ರಮ, ಪರೀಕ್ಷೆಯ ರ‍್ಯಾಂಕಿನಂತೆ. ಮೂರನೆಯದು ಸಮಾನ ಅಂತರವಿರುವ ಅಳತೆ, ಸೆಲ್ಸಿಯಸ್ ಉಷ್ಣತೆಯಂತೆ. ನಾಲ್ಕನೆಯದು ನಿಜವಾದ ಸೊನ್ನೆಯಿಂದ ಆರಂಭವಾಗುವ ಅಳತೆ, ತೂಕದಂತೆ. ಮೊದಲ ರ‍್ಯಾಂಕಿಗೂ ಎರಡನೆಯದಕ್ಕೂ ಒಂದೇ ಅಂಕದ ವ್ಯತ್ಯಾಸವಿದ್ದು, ಎರಡನೆಯದಕ್ಕೂ ಮೂರನೆಯದಕ್ಕೂ ಇಪ್ಪತ್ತು ಅಂಕದ ವ್ಯತ್ಯಾಸವಿರಬಹುದು. ರ‍್ಯಾಂಕ್ ಪಟ್ಟಿ ನೋಡಿದವರಿಗೆ ಅದು ತಿಳಿಯದು. ‘ತೃಪ್ತಿಕರ’ಕ್ಕೂ ‘ಉತ್ತಮ’ಕ್ಕೂ ನಡುವಿನ ದೂರವೂ ಹಾಗೆಯೇ.

2. ನಮ್ಮ ಕಾಲೇಜುಗಳ ಒಂದು ಪ್ರಶ್ನೆ

ಉದಾಹರಣೆಗೆ ದೂರ ಹೋಗಬೇಕಿಲ್ಲ. ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಮಾನ್ಯತೆ ನೀಡುವ, ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ನ್ಯಾಕ್, 2017ರ ಪರಿಷ್ಕೃತ ಚೌಕಟ್ಟಿನಲ್ಲಿ ವಿದ್ಯಾರ್ಥಿ ತೃಪ್ತಿ ಸಮೀಕ್ಷೆಯನ್ನು ತಂದಿತು. ಅದರಲ್ಲಿ 21 ಪ್ರಶ್ನೆಗಳು. ಕೊನೆಯದಕ್ಕೆ ಸಲಹೆ ಬರೆಯಬೇಕು, ಉಳಿದ 20ಕ್ಕೆ 4ರಿಂದ 0 ವರೆಗೆ ಅಂಕ. ಇಲ್ಲಿರುವ ಅಧ್ಯಾಪಕರಿಗೆ ಇದು ಬಾಯಿಪಾಠ.

ಮೊದಲ ಪ್ರಶ್ನೆ, ತರಗತಿಯಲ್ಲಿ ಪಠ್ಯಕ್ರಮ ಎಷ್ಟು ಮುಗಿಯಿತು ಎಂಬುದು. ಶೇ 85ರಿಂದ 100 ಆಗಿದ್ದರೆ 4, ಶೇ 70ರಿಂದ 84 ಆಗಿದ್ದರೆ 3, ಶೇ 55ರಿಂದ 69 ಆಗಿದ್ದರೆ 2, ಶೇ 30ರಿಂದ 54 ಆಗಿದ್ದರೆ 1, ಶೇ 30ಕ್ಕಿಂತ ಕಡಿಮೆಯಾದರೆ 0. ಮೇಲಿನ ಮೂರು ಮೆಟ್ಟಿಲುಗಳ ಅಗಲ ಸುಮಾರು 15, ನಾಲ್ಕನೆಯದು 25, ಕೆಳಗಿನದು 30. ಅಂಕೆಗಳ ನಡುವೆ ಮಾತ್ರ ಎಲ್ಲ ಕಡೆಯೂ ಒಂದೇ ಅಂತರ.

ಇದರಿಂದ ಏನಾಗುತ್ತದೆ? ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ‘ಕ’ ವಿಭಾಗದ ಐವರು 4, 4, 4, 0, 0 ಕೊಟ್ಟರು ಎನ್ನಿ. ‘ಖ’ ವಿಭಾಗದ ಐವರು 3, 2, 2, 2, 2 ಕೊಟ್ಟರು. ‘ಕ’ ಸರಾಸರಿ 2.4, ‘ಖ’ ಸರಾಸರಿ 2.2. ‘ಕ’ ಮುಂದೆ. ಈಗ ಅಂಕೆಗಳನ್ನು ಬಿಟ್ಟು ಅವು ಸೂಚಿಸುವ ಶೇಕಡಾ ಪ್ರಮಾಣದ ನಡುಬಿಂದುಗಳನ್ನು ತೆಗೆದುಕೊಳ್ಳಿ. 4 ಎಂದರೆ 92.5, 3 ಎಂದರೆ 77, 2 ಎಂದರೆ 62, 0 ಎಂದರೆ 15. ಆಗ ‘ಕ’ ಸರಾಸರಿ 61.5, ‘ಖ’ ಸರಾಸರಿ 65. ಈಗ ‘ಖ’ ಮುಂದೆ! ವಿದ್ಯಾರ್ಥಿಗಳು ಬದಲಾಗಲಿಲ್ಲ, ಅವರ ಉತ್ತರ ಬದಲಾಗಲಿಲ್ಲ. ಮೆಟ್ಟಿಲಿನ ಮೇಲೆ ನಾವು ಬರೆದ ಅಂಕೆ ಬದಲಾಯಿತು, ಗೆದ್ದವರು ಸೋತರು.

ಈ ಪ್ರಶ್ನೆಯಲ್ಲಾದರೂ ಶೇಕಡಾ ಪ್ರಮಾಣವಿತ್ತು, ಅಂತರದ ಅಸಮತೆ ಕಣ್ಣಿಗೆ ಬಿತ್ತು. ‘ತೃಪ್ತಿ’, ‘ಒಪ್ಪಿಗೆ’, ‘ಇಷ್ಟ’ಗಳ ಮೆಟ್ಟಿಲು ಎಷ್ಟೆಷ್ಟು ಎತ್ತರ ಎಂದು ನೋಡಲು ಯಾವ ಪಟ್ಟಿಯೂ ಇಲ್ಲ.

3. ಸ್ಥಾನಗಳಿಂದ ಹೋಲಿಕೆ

ಮೆಟ್ಟಿಲಿಗೆ ಯಾವ ಅಂಕೆ ಬರೆದರೂ ಬದಲಾಗದ ಹೋಲಿಕೆ ಇದೆಯೇ? ಇದೆ. ‘ಕ’ದ ಪ್ರತಿಯೊಬ್ಬರನ್ನೂ ‘ಖ’ದ ಪ್ರತಿಯೊಬ್ಬರ ಎದುರು ನಿಲ್ಲಿಸಿ. ಒಟ್ಟು 25 ಜೋಡಿಗಳು. ‘ಕ’ದಲ್ಲಿ 4 ಕೊಟ್ಟ ಮೂವರು ‘ಖ’ದ ಐವರಿಗಿಂತಲೂ ಮೇಲಿದ್ದಾರೆ, ಅಲ್ಲಿಗೆ 15 ಜೋಡಿ. 0 ಕೊಟ್ಟ ಇಬ್ಬರು ಐವರಿಗಿಂತಲೂ ಕೆಳಗಿದ್ದಾರೆ, ಅಲ್ಲಿಗೆ 10 ಜೋಡಿ. ಹೀಗೆ ಲೆಕ್ಕ 15–10. ಅಂಕೆ 4 ಎಂದು ಬರೆಯಿರಿ, 92.5 ಎಂದು ಬರೆಯಿರಿ, ಈ ಲೆಕ್ಕ ಕದಲುವುದಿಲ್ಲ. ಸಮ ಬಂದ ಜೋಡಿಯಿದ್ದರೆ ಇಬ್ಬರಿಗೂ ಅರ್ಧರ್ಧ. ಇದೇ ಮ್ಯಾನ್–ವಿಟ್ನಿ ಪರೀಕ್ಷೆಯ ಒಳಗಿನ ಲೆಕ್ಕ. ಹೆನ್ರಿ ಮ್ಯಾನ್ ಮತ್ತು ಅವರ ವಿದ್ಯಾರ್ಥಿ ಡೊನಾಲ್ಡ್ ವಿಟ್ನಿ 1947ರಲ್ಲಿ ಇದನ್ನು ಪ್ರಕಟಿಸಿದರು.

ಅದಕ್ಕೆ ಎರಡು ವರ್ಷ ಮೊದಲು ಫ್ರಾಂಕ್ ವಿಲ್ಕಾಕ್ಸನ್ ಬೇರೆ ದಾರಿಯಿಂದ ಇಲ್ಲಿಗೇ ಬಂದಿದ್ದರು. ಅವರು ಗಣಿತದವರಲ್ಲ, ರಸಾಯನಶಾಸ್ತ್ರಜ್ಞರು. ಕೀಟನಾಶಕಗಳ ಪ್ರಯೋಗಗಳಲ್ಲಿ ದಿನವೂ ಹೋಲಿಕೆ ಮಾಡಬೇಕಿತ್ತು, ಕೈಯಲ್ಲಿ ಲೆಕ್ಕ ಹಾಕುವ ಕಾಲ. ಬೇಗ ಒಂದು ಅಂದಾಜು ಸಿಗಲಿ ಎಂದು ಅಳತೆಗಳನ್ನು ಬಿಟ್ಟು ಸ್ಥಾನಗಳನ್ನು ಕೂಡಿದರು. 1945ರ ಅವರ ಲೇಖನ ನಾಲ್ಕೇ ಪುಟದ್ದು. ಅದರಲ್ಲಿನ ಉದಾಹರಣೆ ನೊಣ ಕೊಲ್ಲುವ ಎರಡು ಸಿಂಪರಣೆಗಳದು.

ಅವರ ರೀತಿಯಲ್ಲಿ ನಮ್ಮ ಹತ್ತು ಉತ್ತರಗಳನ್ನು ಕೆಳಗಿನಿಂದ ಮೇಲಕ್ಕೆ ಸಾಲಾಗಿ ನಿಲ್ಲಿಸೋಣ. ಎರಡು ಸೊನ್ನೆಗಳು 1 ಮತ್ತು 2ನೇ ಸ್ಥಾನ ಹಂಚಿಕೊಳ್ಳುತ್ತವೆ, ತಲಾ 1.5. ನಾಲ್ಕು ಎರಡುಗಳು 3ರಿಂದ 6, ತಲಾ 4.5. ಒಂದು ಮೂರು, 7ನೇ ಸ್ಥಾನ. ಮೂರು ನಾಲ್ಕುಗಳು 8ರಿಂದ 10, ತಲಾ 9. ‘ಕ’ದ ಸ್ಥಾನಗಳ ಮೊತ್ತ 30, ‘ಖ’ದ್ದು 25. ಐದು ಜನರ ಗುಂಪಿಗೆ ಬರಬಹುದಾದ ಅತಿ ಕಡಿಮೆ ಮೊತ್ತ 15. 30ರಿಂದ ಅದನ್ನು ಕಳೆದರೆ ಮತ್ತೆ ಅದೇ 15. ಎರಡೂ ದಾರಿ ಒಂದೇ ಕಡೆ ಸೇರುತ್ತವೆ.

ಅಭಿಪ್ರಾಯದ ಅಂಕಗಳಲ್ಲಿ ಇರುವುದು ಐದೇ ಮೆಟ್ಟಿಲು, ಆದ್ದರಿಂದ ಸಮಸ್ಥಾನಗಳು ರಾಶಿರಾಶಿ. ಅವುಗಳಿಗಾಗಿ ಲೆಕ್ಕದಲ್ಲಿ ತಿದ್ದುಪಡಿ ಬೇಕು. ‘ಆರ್’ ತಂತ್ರಾಂಶದಲ್ಲಿ ಈ ಪರೀಕ್ಷೆ ಮಾಡಿದವರು ಸಮಸ್ಥಾನಗಳ ಬಗ್ಗೆ ಬರುವ ಎಚ್ಚರಿಕೆಯ ಸಾಲನ್ನು ಕಂಡಿರುತ್ತೀರಿ. ಅದನ್ನು ಓದದೆ ಮುಂದೆ ಹೋಗಬೇಡಿ.

4. ಇದು ಆಕಸ್ಮಿಕವೇ?

15–10 ಎಂಬುದು ದೊಡ್ಡ ಅಂತರವೇ? ಎರಡು ವಿಭಾಗಗಳ ನಡುವೆ ನಿಜಕ್ಕೂ ವ್ಯತ್ಯಾಸವಿಲ್ಲ ಎಂದು ವಾದಕ್ಕಾಗಿ ಒಪ್ಪಿಕೊಳ್ಳಿ. ಹಾಗಿದ್ದರೆ ಹತ್ತು ಉತ್ತರಪತ್ರಿಕೆಗಳ ಮೇಲಿನ ವಿಭಾಗದ ಹೆಸರುಗಳನ್ನು ಕಲಸಿ ಮತ್ತೆ ಹಂಚಿದರೂ ತಪ್ಪಿಲ್ಲ. ಹತ್ತರಲ್ಲಿ ಐದನ್ನು ಆರಿಸುವ ಬಗೆ 252. ಅಷ್ಟೂ ಬಗೆಗಳಲ್ಲಿ ನಮಗೆ ಬಂದಷ್ಟು ಅಥವಾ ಅದಕ್ಕಿಂತ ಹೆಚ್ಚಿನ ಅಂತರ ಎಷ್ಟು ಸಲ ಬರುತ್ತದೆ ಎಂದು ಎಣಿಸಬೇಕು. ಆ ಪಾಲೇ ಪಿ ಮೌಲ್ಯ. ಶೇ 5ಕ್ಕಿಂತ ಕಡಿಮೆಯಾದರೆ ‘ಇದು ಬರಿಯ ಆಕಸ್ಮಿಕವಾಗಿರಲಾರದು’ ಎನ್ನುವುದು ರೂಢಿ. ವ್ಯತ್ಯಾಸವೇ ಇಲ್ಲದಿದ್ದರೆ ನಾವು ನಿರೀಕ್ಷಿಸುವುದು 12.5–12.5. ಐದೈದು ಜನರ ಗುಂಪುಗಳಲ್ಲಿ 15–10 ಬಲು ಸುಲಭವಾಗಿ ಬರುವ ಲೆಕ್ಕ. ಅಂದರೆ ಸರಾಸರಿಗಳನ್ನು ಹಿಡಿದು ನಾವು ನಡೆಸಿದ ಜಗಳಕ್ಕೆ ಎರಡೂ ಕಡೆ ಆಧಾರವಿರಲಿಲ್ಲ.

ಈ ಎಣಿಕೆ ಇನ್ನೊಂದು ಸತ್ಯವನ್ನೂ ಹೇಳುತ್ತದೆ. ಗುಂಪಿನಲ್ಲಿ ಮೂರು ಮೂರೇ ಜನರಿದ್ದರೆ ಹಂಚುವ ಬಗೆ 20. ಒಂದು ಗುಂಪಿನ ಮೂವರೂ ಇನ್ನೊಂದರ ಮೂವರಿಗಿಂತ ಮೇಲಿದ್ದರೂ, ಎರಡೂ ದಿಕ್ಕು ಸೇರಿ ಪಿ ಮೌಲ್ಯ 20ರಲ್ಲಿ 2, ಅಂದರೆ ಶೇ 10. ಯಾವ ಉತ್ತರ ಬಂದರೂ ಶೇ 5ರ ಕೆಳಗೆ ಇಳಿಯುವುದೇ ಇಲ್ಲ! ನಾಲ್ಕು ನಾಲ್ಕು ಜನರಿದ್ದರೆ 70ರಲ್ಲಿ 2, ಸುಮಾರು ಶೇ 2.9. ಸಮೀಕ್ಷೆಗೆ ಇಳಿಯುವ ಮೊದಲೇ ಮಾಡಬೇಕಾದ ಲೆಕ್ಕವಿದು.

ಅಳತೆ ಬಿಟ್ಟು ಸ್ಥಾನ ಹಿಡಿದರೆ ಮಾಹಿತಿ ನಷ್ಟವಲ್ಲವೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ದತ್ತಾಂಶ ಗಂಟೆಯಾಕಾರದ ವಕ್ರರೇಖೆಗೆ ಸರಿಯಾಗಿ ಹೊಂದಿದ್ದು, ಮಾದರಿ ದೊಡ್ಡದಿದ್ದರೆ, ಸರಾಸರಿಗಳನ್ನು ಹೋಲಿಸುವ ಟಿ ಪರೀಕ್ಷೆ 955 ಜನರಿಂದ ಪಡೆಯುವ ಫಲಕ್ಕೆ ಈ ಪರೀಕ್ಷೆಗೆ ಸುಮಾರು 1000 ಜನ ಬೇಕು. ಅಷ್ಟೇ ಬೆಲೆ. ಹಾಜಸ್ ಮತ್ತು ಲೇಮನ್ 1956ರಲ್ಲಿ ಇನ್ನೂ ಮುಂದೆ ಹೋದರು. ಎರಡು ಗುಂಪುಗಳ ವಿತರಣೆಯ ಆಕಾರ ಒಂದೇ ಆಗಿದ್ದು ಸ್ಥಳ ಮಾತ್ರ ಸರಿದಿದ್ದರೆ, ಆ ಆಕಾರ ಯಾವುದೇ ಇರಲಿ, ಟಿ ಪರೀಕ್ಷೆಗೆ ಹೋಲಿಸಿದ ಈ ದಕ್ಷತೆ (ಮೇಲಿನ ಲೆಕ್ಕದಲ್ಲಿ 955/1000) 0.864ಕ್ಕಿಂತ ಕೆಳಗಿಳಿಯದು ಎಂದು ತೋರಿಸಿದರು. ವಿಪರೀತ ಮೌಲ್ಯಗಳಿದ್ದಾಗ ಸ್ಥಾನಗಳ ಪರೀಕ್ಷೆಯೇ ಟಿ ಪರೀಕ್ಷೆಯನ್ನು ಮೀರಿಸುತ್ತದೆ.

5. ಗುಂಪು ಹೆಚ್ಚಾದಾಗ, ಜನ ಅವರೇ ಆದಾಗ

ಕಲೆ, ವಾಣಿಜ್ಯ, ವಿಜ್ಞಾನ ಎಂದು ಗುಂಪು ಮೂರಾದರೆ 1952ರಲ್ಲಿ ವಿಲಿಯಂ ಕ್ರಸ್ಕಲ್ ಮತ್ತು ಆಲೆನ್ ವಾಲಿಸ್ ಕೊಟ್ಟ ಪರೀಕ್ಷೆ ಇದೆ. ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ, ಪ್ರತಿ ಗುಂಪಿನ ಸರಾಸರಿ ಸ್ಥಾನ ಎಷ್ಟು ದೂರ ಚದುರಿದೆ ಎಂದು ನೋಡುತ್ತದೆ. ಆದರೆ ಅದು ಹೇಳುವುದು ‘ಎಲ್ಲೋ ವ್ಯತ್ಯಾಸವಿದೆ’ ಎಂದಷ್ಟೇ. ಎಲ್ಲಿ ಎಂದು ತಿಳಿಯಲು ಜೋಡಿಜೋಡಿಯಾಗಿ ನೋಡಬೇಕು. ಅದಕ್ಕೆ ಆಲಿವ್ ಡನ್ ಅವರ 1964ರ ವಿಧಾನವಿದೆ. ಮೊದಲ, ಎರಡನೇ, ಮೂರನೇ ವರ್ಷ ಎಂದು ಗುಂಪುಗಳಿಗೇ ಒಂದು ಕ್ರಮವಿದ್ದರೆ ಯಾಂಕೀರ್–ಟೆರ್ಪ್ಸ್ಟ್ರಾ ಪರೀಕ್ಷೆ ಹೆಚ್ಚು ಚುರುಕು.

ಜೋಡಿಗಳು ಬೇಗ ಬೆಳೆಯುತ್ತವೆ. ಮೂರು ಗುಂಪಿಗೆ 3, ಐದಕ್ಕೆ 10. ಪ್ರಶ್ನೆಗಳೂ ಬೆಳೆಯುತ್ತವೆ. ನ್ಯಾಕ್‌ನ 20 ಪ್ರಶ್ನೆಗಳಿಗೂ ಒಂದೊಂದು ಪರೀಕ್ಷೆ ಮಾಡಿದಿರಿ ಎನ್ನಿ. ಎಲ್ಲಿಯೂ ವ್ಯತ್ಯಾಸವೇ ಇಲ್ಲದಿದ್ದರೂ, ಶೇ 5ರ ಗೆರೆಯನ್ನು ಹಿಡಿದರೆ, ಪರೀಕ್ಷೆಗಳು ಸ್ವತಂತ್ರವಾಗಿದ್ದಲ್ಲಿ ಒಂದಾದರೂ ಹುಸಿ ಎಚ್ಚರಿಕೆ ಬರುವ ಸಂಭವ ಶೇ 64. ಆ ಒಂದನ್ನೇ ಹೆಕ್ಕಿ ತಲೆಬರಹ ಮಾಡುವವರಿಂದ ನಮ್ಮನ್ನು ಕಾಪಾಡಲು ಬಾನ್‌ಫೆರೋನಿ ಹೆಸರಿನ ತಿದ್ದುಪಡಿ ಇದೆ. ಅದಕ್ಕಿಂತ ಸ್ವಲ್ಪ ಉದಾರವಾದ, ಹೋಮ್ ಅವರ 1979ರ ತಿದ್ದುಪಡಿಯೂ ಇದೆ.

ಇಲ್ಲಿಯವರೆಗೆ ಹೇಳಿದ್ದು ಬೇರೆ ಬೇರೆ ಜನರ ಗುಂಪುಗಳ ಮಾತು. ಅದೇ ಜನ ಎರಡು ಸಲ ಉತ್ತರಿಸಿದ್ದರೆ, ಉದಾಹರಣೆಗೆ ತರಬೇತಿಯ ಮುಂಚೆ ಮತ್ತು ನಂತರ, ವಿಲ್ಕಾಕ್ಸನ್ ಅವರ ಇನ್ನೊಂದು ಪರೀಕ್ಷೆ ಬೇಕು. ಒಬ್ಬೊಬ್ಬರ ಬದಲಾವಣೆಯನ್ನು ತೆಗೆದು, ಅದರ ಗಾತ್ರಕ್ಕೆ ಸ್ಥಾನ ಕೊಡುವ ಚಿಹ್ನೆ-ಸ್ಥಾನ ಪರೀಕ್ಷೆ ಅದು. ಐದು ಮೆಟ್ಟಿಲಿನ ಅಂಕದಲ್ಲಿ ಬದಲಾವಣೆಯ ಗಾತ್ರಕ್ಕೂ ಅರ್ಥವಿದೆ ಎಂದು ಅದು ನಂಬುತ್ತದೆ. ಆ ನಂಬಿಕೆಯೂ ಬೇಡವೆಂದರೆ ಏರಿದವರೆಷ್ಟು, ಇಳಿದವರೆಷ್ಟು ಎಂದು ಮಾತ್ರ ಎಣಿಸುವ ಚಿಹ್ನೆ ಪರೀಕ್ಷೆ ಸಾಕು. ಹೆಸರಿಲ್ಲದ ಪತ್ರಿಕೆಗಳಲ್ಲಿ ಇವೆರಡೂ ಅಸಾಧ್ಯ, ಏಕೆಂದರೆ ಯಾವುದು ಯಾರದೆಂದು ಜೋಡಿಸಲಾಗದು. ಹೆಸರು ಬೇಡ, ಒಂದು ಗುಪ್ತಸಂಖ್ಯೆಯನ್ನಾದರೂ ಬರೆಸಿಕೊಳ್ಳಿ.

ಒಬ್ಬರೇ ಹಲವು ವಸ್ತುಗಳಿಗೆ ಅಂಕ ಕೊಡುವ ಸಂದರ್ಭವೂ ಇದೆ. ಮೈಸೂರಿನ ಸಿಎಫ್‌ಟಿಆರ್‌ಐನಂಥ ಆಹಾರ ಸಂಶೋಧನಾ ಸಂಸ್ಥೆಗಳ ರುಚಿ ಪರೀಕ್ಷೆಯನ್ನು ನೆನೆಯಿರಿ. ಒಬ್ಬೊಬ್ಬ ಪರೀಕ್ಷಕರೂ ಎಲ್ಲ ಮಾದರಿಗಳನ್ನೂ ಸವಿಯುತ್ತಾರೆ, ‘ಅತಿ ಇಷ್ಟ’ದಿಂದ ‘ಸ್ವಲ್ಪವೂ ಇಷ್ಟವಿಲ್ಲ’ದವರೆಗಿನ ಒಂಬತ್ತು ಮೆಟ್ಟಿಲಲ್ಲಿ ಗುರುತು ಹಾಕುತ್ತಾರೆ. ಒಬ್ಬರ ಕೈ ಧಾರಾಳ, ಇನ್ನೊಬ್ಬರದು ಬಿಗಿ. ಇಲ್ಲಿ ಪ್ರತಿಯೊಬ್ಬರ ಅಂಕಗಳಿಗೆ ಅವರವರೊಳಗೇ ಸ್ಥಾನ ಕೊಡಬೇಕು. ಈ ಪರೀಕ್ಷೆಯನ್ನು 1937ರಲ್ಲಿ ಕೊಟ್ಟವರು ಮಿಲ್ಟನ್ ಫ್ರೀಡ್‌ಮನ್. ಹೌದು, 1976ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಅದೇ ಫ್ರೀಡ್‌ಮನ್.

6. ಈ ಪರೀಕ್ಷೆಗಳಿಗೆ ಕಾಣದ್ದು

ನಾನ್‌ಪ್ಯಾರಾಮೆಟ್ರಿಕ್ ಎಂಬುದು ಇಂಥ ಸ್ಥಾನ ಪರೀಕ್ಷೆಗಳಿಗಿರುವ ಹೆಸರು. ಹಾಗೆಂದರೆ ಯಾವ ಷರತ್ತೂ ಇಲ್ಲ ಎಂದು ತಿಳಿದವರು ಬಹಳ. ಗಂಟೆಯಾಕಾರದ ವಕ್ರರೇಖೆಯ ಷರತ್ತು ಹೋಯಿತು, ನಿಜ. ಉತ್ತರಗಳು ಒಂದರ ಮೇಲೊಂದು ಪ್ರಭಾವ ಬೀರಿರಬಾರದು ಎಂಬ ಷರತ್ತು ಉಳಿದೇ ಇದೆ. ಒಂದೇ ಬೆಂಚಿನಲ್ಲಿ ಕೂತು, ಒಂದೇ ಮೊಬೈಲು ನೋಡುತ್ತ ಉತ್ತರಿಸಿದ ಅರವತ್ತು ಮಂದಿ ಅರವತ್ತು ಸ್ವತಂತ್ರ ಸಾಕ್ಷಿಗಳಲ್ಲ.

ಎರಡನೆಯದು, ಹರವು. ಒಂದು ಗುಂಪಿನ ನಾಲ್ವರು 4, 4, 0, 0 ಕೊಟ್ಟರು, ಇನ್ನೊಂದರ ನಾಲ್ವರೂ 2 ಕೊಟ್ಟರು ಎನ್ನಿ. ಸರಾಸರಿ ಎರಡಕ್ಕೂ 2. ಜೋಡಿಗಳ ಲೆಕ್ಕ 8–8. ಮ್ಯಾನ್–ವಿಟ್ನಿಗೂ ವ್ಯತ್ಯಾಸ ಕಾಣದು. ಆದರೆ ಮೊದಲ ತರಗತಿ ಒಡೆದು ಎರಡಾಗಿದೆ, ಎರಡನೆಯದು ಒಮ್ಮತದಿಂದ ನಡುವೆ ನಿಂತಿದೆ. ಪ್ರಾಂಶುಪಾಲರು ತಿಳಿಯಬೇಕಾದದ್ದು ಅದನ್ನೇ. ಆದ್ದರಿಂದ ಯಾವ ಮೆಟ್ಟಿಲಲ್ಲಿ ಎಷ್ಟು ಜನ ಎಂಬ ಕೋಷ್ಟಕ ಮೊದಲು ಬರಲಿ, ಪರೀಕ್ಷೆ ಆಮೇಲೆ. ಮ್ಯಾನ್–ವಿಟ್ನಿ ಮಧ್ಯಾಂಕಗಳನ್ನು (ಸಾಲಿನ ನಟ್ಟನಡುವಿನ ಮೌಲ್ಯಗಳನ್ನು) ಹೋಲಿಸುತ್ತದೆ ಎಂದು ಬರೆಯುವುದೂ ಎರಡು ವಿತರಣೆಗಳ ಆಕಾರ ಒಂದೇ ಇದ್ದಾಗ ಮಾತ್ರ ಸರಿ.

ಮೂರನೆಯದು, ಕ್ರಮವೇ ಅನುಮಾನಾಸ್ಪದವಾದಾಗ. ಅಧ್ಯಾಪಕರ ಪೂರ್ವಸಿದ್ಧತೆಯ ಬಗ್ಗೆ ನ್ಯಾಕ್ ಕೇಳುವ ಪ್ರಶ್ನೆಯಲ್ಲಿ ‘ಕಳಪೆಯಾಗಿ’ ಎಂಬುದಕ್ಕೆ 2, ‘ಉದಾಸೀನದಿಂದ’ ಎಂಬುದಕ್ಕೆ 1. ಉದಾಸೀನ ಕಳಪೆಗಿಂತ ಕೆಳಗೋ ಮೇಲೋ? ಎಲ್ಲ ವಿದ್ಯಾರ್ಥಿಗಳೂ ಒಂದೇ ರೀತಿ ಉತ್ತರಿಸಲಾರರು. ಅಂಥಲ್ಲಿ ಸ್ಥಾನಗಳನ್ನೂ ಬಿಟ್ಟು, ಬರಿಯ ವರ್ಗಗಳೆಂದು ನೋಡಿ, ಕಾರ್ಲ್ ಪಿಯರ್ಸನ್ 1900ರಲ್ಲಿ ಕೊಟ್ಟ ಕೈ-ವರ್ಗ ಪರೀಕ್ಷೆಯನ್ನು ಬಳಸುವುದು ಪ್ರಾಮಾಣಿಕ.

ನಾಲ್ಕನೆಯದು ಎಲ್ಲಕ್ಕಿಂತ ಆಳದ್ದು. ಎರಡು ಗುಂಪುಗಳ ಮೆಟ್ಟಿಲು ಒಂದೇ ಹೌದೇ? ಗ್ಯಾರಿ ಕಿಂಗ್ ಮತ್ತು ಸಂಗಡಿಗರು 2004ರಲ್ಲಿ ಚೀನಾ ಮತ್ತು ಮೆಕ್ಸಿಕೋ ಜನರ ಉತ್ತರಗಳನ್ನು ಹೋಲಿಸಿದರು. ಸರ್ಕಾರದಲ್ಲಿ ನಿಮ್ಮ ಮಾತಿಗೆ ಎಷ್ಟು ಬೆಲೆ ಎಂಬುದು ಪ್ರಶ್ನೆ. ಸ್ಪರ್ಧಾತ್ಮಕ ಚುನಾವಣೆಯಲ್ಲಿ ಸರ್ಕಾರವನ್ನು ಬದಲಿಸಿದ್ದ ಮೆಕ್ಸಿಕೋದವರಿಗಿಂತ ಚೀನಾದವರೇ ತಮಗೆ ಹೆಚ್ಚು ಅಂಕ ಕೊಟ್ಟುಕೊಂಡಿದ್ದರು! ಆಮೇಲೆ ಕಾಲ್ಪನಿಕ ವ್ಯಕ್ತಿಗಳ ಪುಟ್ಟ ಪ್ರಸಂಗಗಳನ್ನು ಎರಡೂ ಕಡೆ ಕೊಟ್ಟು, ಅವರಿಗೂ ಅಂಕ ಹಾಕಿಸಿದರು. ಆ ಪ್ರಸಂಗಗಳಿಗೆ ಹೋಲಿಸಿ ತಮ್ಮ ಸ್ಥಾನ ನೋಡಿದಾಗ ಫಲಿತಾಂಶ ತಲೆಕೆಳಗಾಯಿತು. ಎರಡು ದೇಶದವರು ‘ಬಹಳ’ ಎಂಬುದನ್ನು ಬೇರೆ ಬೇರೆ ಎತ್ತರದಲ್ಲಿ ಇಟ್ಟುಕೊಂಡಿದ್ದರು. ಯಾವ ಸ್ಥಾನ ಪರೀಕ್ಷೆಯೂ ಇದನ್ನು ತಾನಾಗಿ ಹಿಡಿಯದು. ಒಂದು ಗುಂಪಿಗೆ ಇಂಗ್ಲಿಷ್ ಪತ್ರಿಕೆ, ಇನ್ನೊಂದಕ್ಕೆ ಕನ್ನಡ ಪತ್ರಿಕೆ ಕೊಟ್ಟು ಹೋಲಿಸುವ ನಾವೂ ಈ ಎಚ್ಚರ ಇಟ್ಟುಕೊಳ್ಳಬೇಕು.

7. ಎದುರುವಾದ

ಸರಾಸರಿಯನ್ನು ಸಮರ್ಥಿಸುವವರ ಮಾತನ್ನೂ ಕೇಳೋಣ. 1953ರಲ್ಲಿ ಫ್ರೆಡರಿಕ್ ಲಾರ್ಡ್ ಫುಟ್‌ಬಾಲ್ ಆಟಗಾರರ ಅಂಗಿಯ ಸಂಖ್ಯೆಗಳ ಬಗ್ಗೆ ಒಂದು ತುಂಟ ಲೇಖನ ಬರೆದರು. ತಾವು ಎಲ್ಲಿಂದ ಬಂದೆವೆಂದು ಸಂಖ್ಯೆಗಳಿಗೆ ಗೊತ್ತಿಲ್ಲ, ಅವುಗಳ ಮೇಲೆ ಯಾವ ಲೆಕ್ಕವನ್ನೂ ಮಾಡಬಹುದು ಎಂಬುದು ಅದರ ಸಾರ. ದೊಡ್ಡ ಮಾದರಿಗಳಲ್ಲಿ ಟಿ ಪರೀಕ್ಷೆ ಮತ್ತು ಸ್ಥಾನ ಪರೀಕ್ಷೆ ಬಹಳ ಸಲ ಒಂದೇ ತೀರ್ಪು ಕೊಡುತ್ತವೆ ಎಂಬುದೂ ನಿಜ. ಒಂದೇ ಮನೋಭಾವವನ್ನು ಕೇಳುವ ಹತ್ತು ಹದಿನೈದು ಪ್ರಶ್ನೆಗಳ ಮೊತ್ತವಿದ್ದರೆ ಸರಾಸರಿಗೆ ನನ್ನ ತಕರಾರೂ ಇಲ್ಲ, ಲಿಕರ್ಟ್ ಮಾಡಿದ್ದೇ ಅದು. ಸಂಖ್ಯೆಗೆ ತನ್ನ ಮೂಲ ಗೊತ್ತಿಲ್ಲದಿರಬಹುದು. ಅದನ್ನು ಓದಿ ಅಧ್ಯಾಪಕರ ಬಡ್ತಿ, ವಿಭಾಗದ ಅನುದಾನ ನಿರ್ಧರಿಸುವ ಮನುಷ್ಯನಿಗೆ ಗೊತ್ತಿರಲೇಬೇಕು.

ಇನ್ನೊಂದು ಅತಿಯೂ ಇದೆ. ಹತ್ತು ಸಾವಿರ ಜನರನ್ನು ಕೇಳಿದರೆ ತೀರಾ ಚಿಕ್ಕ ವ್ಯತ್ಯಾಸಕ್ಕೂ ಪಿ ಮೌಲ್ಯ ಸೊನ್ನೆಯ ಹತ್ತಿರ ಬರುತ್ತದೆ. ಆದ್ದರಿಂದ ವ್ಯತ್ಯಾಸದ ಗಾತ್ರವನ್ನೂ ಹೇಳಬೇಕು. ನಮ್ಮ ಜೋಡಿಗಳ ಲೆಕ್ಕವೇ ಅದನ್ನು ಕೊಡುತ್ತದೆ. 25ರಲ್ಲಿ 15 ಎಂದರೆ 0.6. ‘ಕ’ದ ಒಬ್ಬರನ್ನೂ ‘ಖ’ದ ಒಬ್ಬರನ್ನೂ ಕಣ್ಣುಮುಚ್ಚಿ ಆರಿಸಿದರೆ, ನೂರರಲ್ಲಿ ಅರವತ್ತು ಸಲ ‘ಕ’ದವರ ಅಂಕ ಮೇಲಿರುತ್ತದೆ. 0.5 ಎಂದರೆ ಸಮಬಲ, 1 ಎಂದರೆ ಪೂರ್ತಿ ಮೇಲುಗೈ. ಆಡಳಿತ ಮಂಡಳಿಗೂ ಪತ್ರಿಕೆಯ ಓದುಗರಿಗೂ ನೇರವಾಗಿ ಅರ್ಥವಾಗುವ ಸಂಖ್ಯೆ ಇದು.

ಕೊನೆಯದಾಗಿ ಮೂರು ಮನವಿ. ಸಂಶೋಧನಾ ವಿದ್ಯಾರ್ಥಿಗಳೇ, ಯಾವ ಪರೀಕ್ಷೆ ಮಾಡುತ್ತೀರಿ ಎಂಬುದನ್ನು ದತ್ತಾಂಶ ನೋಡುವ ಮೊದಲೇ ಬರೆದಿಡಿ. ಹತ್ತು ಪರೀಕ್ಷೆ ಮಾಡಿ ಒಪ್ಪಿಗೆಯಾದ ಒಂದನ್ನು ಪ್ರಬಂಧಕ್ಕೆ ಸೇರಿಸಬೇಡಿ. ಅಧ್ಯಾಪಕರೇ, ಸರಾಸರಿಯ ಜೊತೆಗೆ ಉತ್ತರಗಳ ಪೂರ್ಣ ಕೋಷ್ಟಕವನ್ನು, ಉತ್ತರಿಸಿದವರ ಮತ್ತು ಉತ್ತರಿಸದವರ ಸಂಖ್ಯೆಯನ್ನು ವರದಿಯಲ್ಲಿ ಪ್ರಕಟಿಸಿ. ಪತ್ರಕರ್ತ ಮಿತ್ರರೇ, 3.9 ಮತ್ತು 3.7ರ ನಡುವೆ ‘ಮುಂದೆ’, ‘ಹಿಂದೆ’ ಎಂದು ತಲೆಬರಹ ಕೊಡುವ ಮುನ್ನ ಎಷ್ಟು ಜನರನ್ನು ಕೇಳಿದರು, ಯಾವ ಪರೀಕ್ಷೆ ಮಾಡಿದರು, ವ್ಯತ್ಯಾಸ ಎಷ್ಟು ದೊಡ್ಡದು ಎಂಬ ಮೂರು ಪ್ರಶ್ನೆ ಕೇಳಿ. ಉತ್ತರ ಸಿಗದಿದ್ದರೆ ಆ ಸುದ್ದಿಯನ್ನು ತಡೆಹಿಡಿಯಿರಿ.